ಅಳೆಯುವ ಮೊದಲು ದೂರಬೇಡಿ

ಕರೆಂಟ್ ಬಿಲ್ಲು ಬಂದ ದಿನ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಎಂದಿನಷ್ಟೇ ಬಂದಿದ್ದರೆ ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಎಲ್ಲರೂ ಮರೆತುಬಿಡುತ್ತಾರೆ. ಹೆಚ್ಚಾಗಿ ಬಂದಿದ್ದರೆ ಮನೆಯೊಳಗೆ ಒಂದು ಪುಟ್ಟ ನ್ಯಾಯಾಲಯವೇ ಕೂರುತ್ತದೆ. "ಫ್ಯಾನ್ ಆರಿಸದೆ ಹೊರಗೆ ಹೋಗುವವರು ಯಾರು?" "ರಾತ್ರಿ ಹನ್ನೆರಡರ ತನಕ ಲೈಟು ಉರಿಸುವವರು ಯಾರು?" ಆರೋಪ, ವಿಚಾರಣೆ, ತೀರ್ಪು ಎಲ್ಲವೂ ಐದೇ ನಿಮಿಷದಲ್ಲಿ ಮುಗಿಯುತ್ತದೆ. ಸಾಮಾನ್ಯವಾಗಿ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರುವವನು ಮನೆಯ ಯಜಮಾನ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇಂಥ ನ್ಯಾಯಾಲಯ ಕೂತಿತ್ತು. ನ್ಯಾಯಾಧೀಶ ನಾನೇ. ಆ ತೀರ್ಪಿನ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದರಲ್ಲಿ ನನಗೆ ಸ್ವಲ್ಪ ನಾಚಿಕೆ ಇದೆ. ಆದರೂ ನಿಮಗೆ ಉಪಯೋಗವಾದೀತೆಂದು ಹೇಳುತ್ತಿದ್ದೇನೆ.

ತೀರ್ಪು

ನಮ್ಮ ಮಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಹೋಮ್ ಥಿಯೇಟರ್ ತಂದ. ಐದು ಸಣ್ಣ ಸ್ಪೀಕರು, ನೆಲದ ಮೇಲಿಡುವ ಒಂದು ದೊಡ್ಡ ಪೆಟ್ಟಿಗೆ. ನನಗೆ ಅದು ಮೊದಲ ದಿನದಿಂದಲೂ ಹಿಡಿಸಲಿಲ್ಲ. ಇದ್ದ ಟಿ.ವಿ.ಯ ಸದ್ದೇ ಸಾಲದೆ ಎಂದು ಗೊಣಗಿಕೊಂಡು ಸುಮ್ಮನಿದ್ದೆ.

2023ರಲ್ಲಿ ರಾಜ್ಯ ಸರ್ಕಾರ ಗೃಹಜ್ಯೋತಿ ಯೋಜನೆ ಆರಂಭಿಸಿದ್ದು ನಿಮಗೆ ಗೊತ್ತೇ ಇದೆ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಪ್ರತಿ ಮನೆಗೆ ಒಂದು ಮಿತಿ ಗೊತ್ತುಮಾಡಿದರು. ಅದರೊಳಗಿದ್ದರೆ ಬಿಲ್ಲು ಶೂನ್ಯ. ಬಳಕೆ 200 ಯೂನಿಟ್ ದಾಟಿದರೆ ಮಾತ್ರ ರಿಯಾಯಿತಿ ಇಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕು. ನಮ್ಮ ಮನೆಯ ಬಳಕೆ ಮಿತಿಯೊಳಗೇ ಇರುತ್ತಿತ್ತು. ಹೋಮ್ ಥಿಯೇಟರ್ ಬರುವ ಹಿಂದಿನ ತಿಂಗಳು 168 ಯೂನಿಟ್. ಅದು ಬಂದ ತಿಂಗಳು 214. ಸಾವಿರ ರೂಪಾಯಿಗೂ ಮೀರಿದ ಬಿಲ್ಲು ಕೈಗೆ ಬಂತು.

ನಾನು ಅಟ್ಟದ ಮೇಲಿದ್ದ ಖಾಲಿ ಡಬ್ಬವನ್ನು ಇಳಿಸಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ "1000 ವಾಟ್" ಎಂದಿತ್ತು. ಸಾವಿರ ವಾಟಿನ ವಸ್ತು ಒಂದು ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಮೂರು ಗಂಟೆಯೆಂದರೆ ಮೂರು ಯೂನಿಟ್, ತಿಂಗಳಿಗೆ 90 ಯೂನಿಟ್! ಇನ್ನೇನು ಸಾಕ್ಷಿ ಬೇಕು? ಮಗ ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲೇ ಬಿಲ್ಲನ್ನೂ ಡಬ್ಬವನ್ನೂ ಅವನ ಮುಂದಿಟ್ಟೆ. "ನಿನ್ನ ಶೋಕಿಗೆ ಮನೆಯವರೆಲ್ಲ ದಂಡ ಕಟ್ಟಬೇಕೇ?" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ತಂಗಿ ಮತ್ತು ಭಾವನವರ ಮುಂದೆಯೂ ಅದನ್ನೇ ಹೇಳಿ ನಕ್ಕೆ.

ಮಗ ಎದುರು ಮಾತಾಡಲಿಲ್ಲ. ಆ ಸಂಜೆ ವೈರುಗಳನ್ನು ಒಂದೊಂದಾಗಿ ಸುತ್ತಿ, ಎಲ್ಲವನ್ನೂ ಅದೇ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. ಅಂದಿನಿಂದ ಜಪಸರಕ್ಕೆ ಬಂದು ಕೂರುತ್ತಿದ್ದ, ತನ್ನ ಪಾಲಿನ ರಹಸ್ಯವನ್ನು ಹೇಳುತ್ತಿದ್ದ, ಎದ್ದು ಹೋಗುತ್ತಿದ್ದ. ಅಷ್ಟೇ. ನನಗೆ ಗೆದ್ದೆನೆಂಬ ಸಮಾಧಾನವಿತ್ತು.

ಮುಂದಿನ ತಿಂಗಳ ಬಿಲ್ಲು ಬಂತು. ಹೋಮ್ ಥಿಯೇಟರ್ ತಿಂಗಳಿಡೀ ಅಟ್ಟದ ಮೇಲಿತ್ತು. ಮೀಟರು ತೋರಿಸಿದ್ದು 207 ಯೂನಿಟ್!

ಡಬ್ಬದ ಮೇಲಿನ ಸಂಖ್ಯೆ

ನಮ್ಮ ಧರ್ಮಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವ ಸಹೋದರರೊಬ್ಬರಿದ್ದಾರೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಅವರನ್ನು ಹಿಡಿದು ಕೇಳಿದೆ. ಅವರು ಮೊದಲು ಕೇಳಿದ್ದು, "ಸಾವಿರ ವಾಟ್ ಅಂತ ಬರೆದದ್ದು ಎಲ್ಲಿ, ಡಬ್ಬದ ಮೇಲೋ, ಪೆಟ್ಟಿಗೆಯ ಹಿಂದೋ?" ಎಂದು.

ಡಬ್ಬದ ಮೇಲಿನ ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಿ.ಎಂ.ಪಿ.ಒ. ಎಂದು ಬರೆದಿರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಯಂತ್ರದಿಂದ ಹೊರಡಬಹುದಾದ ಅತಿ ಹೆಚ್ಚಿನ ಸದ್ದಿನ ಲೆಕ್ಕವಂತೆ ಅದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನವೇ ಇಲ್ಲ. ಮಾರುವವರು ದೊಡ್ಡ ಸಂಖ್ಯೆಯನ್ನು ಹಾಕಿಕೊಳ್ಳುತ್ತಾರೆ, ನಾವು ಅದನ್ನು ಕಂಡು ಬೆರಗಾಗುತ್ತೇವೆ. ಆರ್.ಎಂ.ಎಸ್. ಎಂದು ಬರೆದ ಸಂಖ್ಯೆ ಅದಕ್ಕಿಂತ ಪ್ರಾಮಾಣಿಕ. ಆದರೆ ಅದೂ ಸ್ಪೀಕರಿಗೆ ಹೋಗುವ ಶಕ್ತಿಯ ಮಾತು, ಅದೂ ಸದ್ದನ್ನು ಪೂರ್ತಿ ಏರಿಸಿದಾಗ. ಗೋಡೆಯ ಪ್ಲಗ್ಗಿನಿಂದ ಎಷ್ಟು ಎಳೆಯುತ್ತದೆ ಎಂಬುದಕ್ಕೆ ಪೆಟ್ಟಿಗೆಯ ಹಿಂದಿನ ಸಣ್ಣ ಚೀಟಿಯನ್ನು ನೋಡಬೇಕು. ನಮ್ಮದರ ಹಿಂದೆ 230 ವೋಲ್ಟ್, 60 ವಾಟ್ ಎಂದಿತ್ತು. ಮನೆಯಲ್ಲಿ ಕೇಳುವಷ್ಟು ಸದ್ದಿಗೆ ಅಷ್ಟೂ ಬೇಕಾಗುವುದಿಲ್ಲ.

ಕಳ್ಳ ತಕ್ಕಡಿಯನ್ನು ದೇವರು ದ್ವೇಷಿಸುತ್ತಾರೆಂದು ಜ್ಞಾನೋಕ್ತಿಗಳ ಗ್ರಂಥ ಹೇಳುತ್ತದೆ. ಅಳತೆಯಲ್ಲೂ ತೂಕದಲ್ಲೂ ಮೋಸ ಕೂಡದೆಂಬುದು ಯಾಜಕಕಾಂಡದ ಕಟ್ಟಳೆ. ಆ ಮಾತುಗಳನ್ನು ಕೇಳುವಾಗ ನಾವು ಸಂತೆಯ ವ್ಯಾಪಾರಿಯನ್ನು ನೆನೆಯುತ್ತೇವೆ. ಉಬ್ಬಿಸಿದ ಸಂಖ್ಯೆಯನ್ನು ಡಬ್ಬದ ಮೇಲೆ ಮುದ್ರಿಸಿದವರು ಒಂದು ತಪ್ಪು ಮಾಡಿದರು, ನಿಜ. ಆದರೆ ಅದೇ ಸಂಖ್ಯೆಯನ್ನು ಪರೀಕ್ಷಿಸದೆ ಎತ್ತಿಕೊಂಡು ನನ್ನ ಮಗನನ್ನು ತೂಗಿದವನು ನಾನು. ಹಾಗಾದರೆ ಕಳ್ಳ ತಕ್ಕಡಿ ಯಾರ ಕೈಯಲ್ಲಿತ್ತು?

ಮೀಟರಿನ ಕೆಂಪು ದೀಪ

ಆ ಸಹೋದರರು ಹೇಳಿಕೊಟ್ಟ ವಿಧಾನವನ್ನು ನಿಮಗೂ ತಿಳಿಸುತ್ತೇನೆ. ಇದಕ್ಕೆ ಯಾವ ಉಪಕರಣವೂ ಬೇಡ. ಇಂದಿನ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಂಚುತ್ತಿರುತ್ತದೆ. ಅದರ ಬಳಿ 3200 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಆ ದೀಪ 3200 ಸಲ ಮಿಂಚಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅರ್ಥ. ಫ್ರಿಜ್ಜು, ಫ್ಯಾನು, ದೀಪ ಎಲ್ಲವನ್ನೂ ಆರಿಸಿ, ಅಳೆಯಬೇಕಾದ ಒಂದನ್ನು ಮಾತ್ರ ಹಾಕಿ. ಹತ್ತು ನಿಮಿಷದಲ್ಲಿ ದೀಪ ಎಷ್ಟು ಸಲ ಮಿಂಚಿತೆಂದು ಎಣಿಸಿ. 6000ವನ್ನು ಮೀಟರಿನ ಮೇಲಿರುವ ಸಂಖ್ಯೆಯಿಂದ ಭಾಗಿಸಿ, ಬಂದದ್ದರಿಂದ ನಿಮ್ಮ ಎಣಿಕೆಯನ್ನು ಗುಣಿಸಿ. ಅದೇ ವಾಟ್. 3200ರ ಮೀಟರಾದರೆ ಎಣಿಕೆಯನ್ನು 1.875ರಿಂದ ಗುಣಿಸಿದರಾಯಿತು.

ಲೆಕ್ಕ ಸುಲಭವೇ. ಆದರೆ ಅಳೆಯಬೇಕಾದ ವಸ್ತು ಅಟ್ಟದ ಮೇಲಿತ್ತು, ಅದನ್ನು ಜೋಡಿಸಲು ಬರುವವನು ಮಗ ಒಬ್ಬನೇ. ಅವನ ಕೋಣೆಯ ಬಾಗಿಲಲ್ಲಿ ನಿಂತು, "ಅದನ್ನು ಒಂದು ಸಲ ಇಳಿಸುತ್ತೀಯಾ ಮಗನೇ? ಅಳೆದು ನೋಡಬೇಕಾಗಿತ್ತು" ಎನ್ನಲು ನನಗೆ ಎರಡು ದಿನ ಬೇಕಾಯಿತು.

ಅವನು ಇಳಿಸಿದ. ನಾನು ಗಡಿಯಾರ ಹಿಡಿದೆ, ಅವನು ಎಣಿಸಿದ. ಟಿ.ವಿ. ಮತ್ತು ಸೆಟ್ ಟಾಪ್ ಬಾಕ್ಸ್ ಮಾತ್ರ ಇದ್ದಾಗ ಹತ್ತು ನಿಮಿಷಕ್ಕೆ 44 ಮಿಂಚು. ಹೋಮ್ ಥಿಯೇಟರ್ ಸೇರಿದಾಗ 68. ಅಂದರೆ ಅದರ ಪಾಲು 24 ಮಿಂಚು, 45 ವಾಟ್. ಹಳೆಯ ಕಾಲದ ಒಂದು ಗಾಜಿನ ಬುರುಡೆಯಷ್ಟೂ ಇಲ್ಲ!

ಆಮೇಲೆ ಎಲ್ಲವನ್ನೂ ರಿಮೋಟಿನಿಂದ ಆರಿಸಿ, ಗೋಡೆಯ ಸ್ವಿಚ್ಚನ್ನು ಹಾಗೆಯೇ ಬಿಟ್ಟು ಎಣಿಸಿದೆವು. ದೀಪ ನಿಲ್ಲಲಿಲ್ಲ. ಹತ್ತು ನಿಮಿಷಕ್ಕೆ ಎಂಟು ಸಲ ಮಿಂಚಿತು, ಅಂದರೆ 15 ವಾಟ್. ಹೋಮ್ ಥಿಯೇಟರಿನ ಪ್ಲಗ್ ಕಿತ್ತಾಗ ಆರಕ್ಕೆ ಇಳಿಯಿತು. ಉಳಿದುದರಲ್ಲಿ ಬಹುಪಾಲು ವರ್ಷಗಳಿಂದ ಅಲ್ಲೇ ಇದ್ದ ಸೆಟ್ ಟಾಪ್ ಬಾಕ್ಸಿನದು.

ಕಾಗದದ ಮೇಲೆ ಕೂಡಿದೆವು. ದಿನಕ್ಕೆ ಮೂರು ಗಂಟೆ 45 ವಾಟ್, ಉಳಿದ 21 ಗಂಟೆ ಸುಮಾರು 4 ವಾಟ್. ತಿಂಗಳಿಗೆ ಆರೂವರೆ ಯೂನಿಟ್. ಹೆಚ್ಚಾದದ್ದು 46 ಯೂನಿಟ್. ಮಿಕ್ಕ 40 ಎಲ್ಲಿಗೆ ಹೋಯಿತು?

ಕೊನೆಗೆ ಗೀಸರ್ ಹಾಕಿದೆವು. ಆ ಕೆಂಪು ದೀಪ ಎಣಿಸಲೂ ಆಗದಷ್ಟು ಬೇಗ ಬೇಗ ಮಿಂಚತೊಡಗಿತು, ನಿಮಿಷಕ್ಕೆ ನೂರಕ್ಕೂ ಹೆಚ್ಚು. ಎರಡು ಸಾವಿರ ವಾಟ್. ಮಗನಾಗಲಿ ನಾನಾಗಲಿ ಮಾತಾಡಲಿಲ್ಲ. ಚಳಿ ಆರಂಭವಾದ ಆ ತಿಂಗಳಿನಿಂದಲೇ ಮೊಣಕಾಲು ನೋವಿಗೆಂದು ನಾನು ಸಂಜೆಯೂ ಬಿಸಿನೀರಿನ ಸ್ನಾನ ಮಾಡತೊಡಗಿದ್ದೆ. ಬೆಳಿಗ್ಗೆಯೂ ಮೊದಲಿಗಿಂತ ಹೆಚ್ಚು ಹೊತ್ತು ಗೀಸರ್ ಉರಿಯುತ್ತಿತ್ತು. ದಿನಕ್ಕೆ ನಲವತ್ತು ನಿಮಿಷ ಹೆಚ್ಚೆಂದರೂ ತಿಂಗಳಿಗೆ 40 ಯೂನಿಟ್. ಲೆಕ್ಕ ಸರಿಹೋಯಿತು.

ಅವಸರದ ತೀರ್ಪೂ ಪಾಪವೇ

ಎಂಟನೆಯ ಆಜ್ಞೆಯೆಂದರೆ ಸುಳ್ಳು ಹೇಳಬಾರದು, ಸುಳ್ಳು ಸಾಕ್ಷಿ ನುಡಿಯಬಾರದು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಅದೇ ಆಜ್ಞೆಯ ಅಡಿಯಲ್ಲಿ ಅವಸರದ ತೀರ್ಪನ್ನೂ ಸೇರಿಸುತ್ತದೆ (2477). ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ನಿಜವೆಂದು ನಂಬುವುದು, ಬಾಯಿಬಿಟ್ಟು ಹೇಳದಿದ್ದರೂ, ಅವರ ಮಾನಕ್ಕೆ ಮಾಡುವ ಅನ್ಯಾಯ. ಅದಕ್ಕೆ ಮದ್ದಾಗಿ ಆ ಗ್ರಂಥ ಲೊಯೋಲದ ಸಂತ ಇಗ್ನಾಸಿಯವರ ಸಲಹೆಯನ್ನು ನೆನಪಿಸುತ್ತದೆ. ಇನ್ನೊಬ್ಬರ ಮಾತಿಗೆ ಒಳ್ಳೆಯ ಅರ್ಥವನ್ನೇ ಮೊದಲು ಹುಡುಕಬೇಕು, ತಿಳಿಯದಿದ್ದರೆ ಅವರನ್ನೇ ಕೇಳಬೇಕು.

ನಾನು ಕೇಳಲಿಲ್ಲ. ಏಕೆ ಕೇಳಲಿಲ್ಲ? ಆ ವಸ್ತು ನನಗೆ ಮೊದಲೇ ಹಿಡಿಸಿರಲಿಲ್ಲ. ಬಿಲ್ಲು ನನಗೊಂದು ನೆಪವಾಯಿತು. ನಮ್ಮ ತೀರ್ಪುಗಳಲ್ಲಿ ಅನೇಕವು ಹೀಗೆಯೇ. ಮನಸ್ಸು ಮೊದಲು ತೀರ್ಮಾನಿಸುತ್ತದೆ, ಸಾಕ್ಷಿಯನ್ನು ಆಮೇಲೆ ಹುಡುಕಿಕೊಳ್ಳುತ್ತದೆ. ಅತ್ತೆ ಸೊಸೆಯನ್ನು, ಅಣ್ಣ ತಮ್ಮನನ್ನು, ಶಿಕ್ಷಕರು ಒಬ್ಬ ವಿದ್ಯಾರ್ಥಿಯನ್ನು ತೂಗುವಾಗಲೂ ಎಷ್ಟೋ ಸಲ ಕೈಯಲ್ಲಿರುವುದು ಡಬ್ಬದ ಮೇಲಿನ ಸಂಖ್ಯೆಯೇ.

ನಾವು ಅಳೆಯುವ ಅಳತೆಯಿಂದಲೇ ನಮ್ಮನ್ನೂ ಅಳೆಯಲಾಗುವುದೆಂದು ಪ್ರಭು ಯೇಸು ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ. ಅದರ ಬೆನ್ನಿಗೇ ಕಣ್ಣಿನೊಳಗಿನ ತೊಲೆಯ ಮಾತು ಬರುತ್ತದೆ. ನಾನು ಬಾಲ್ಯದಿಂದ ಕೇಳಿದ ವಾಕ್ಯವದು. ಅಂದು ಮೀಟರಿನ ಮುಂದೆ ನಿಂತಾಗ ಅದು ನನಗೆ ಅಂಕಿಯಲ್ಲೇ ಕಾಣಿಸಿತು. ಮಗನ ಕಣ್ಣಿನಲ್ಲಿ ಆರೂವರೆ, ನನ್ನ ಕಣ್ಣಿನಲ್ಲಿ ನಲವತ್ತು.

ಮನೆಯಲ್ಲಿ ಲೆಕ್ಕ ಹಾಕುವುದು ಸರಿಯೇ?

ನಿಮ್ಮಲ್ಲಿ ಕೆಲವರು ಕೇಳಬಹುದು. "ಮನೆಯೆಂದರೆ ಅಂಗಡಿಯೇ? ಯಾರು ಎಷ್ಟು ಕರೆಂಟ್ ಉರಿಸಿದರೆಂದು ಎಣಿಸುತ್ತಾ ಕೂರುವುದು ಪ್ರೀತಿಯ ಲಕ್ಷಣವೇ? ಪ್ರೀತಿ ತಪ್ಪುಗಳ ಲೆಕ್ಕ ಇಡುವುದಿಲ್ಲ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಿಲ್ಲವೇ?"

ಒಳ್ಳೆಯ ಪ್ರಶ್ನೆ. ಆದರೆ ಲೆಕ್ಕದಲ್ಲಿ ಎರಡು ವಿಧ. ಇನ್ನೊಬ್ಬರ ಮೇಲೆ ಸಾಲ ಹೊರಿಸಲು ಬರೆಯುವುದು ಒಂದು, ತಪ್ಪಾಗಿ ಹೊರಿಸಿದ್ದನ್ನು ಇಳಿಸಲು ಬರೆಯುವುದು ಇನ್ನೊಂದು. ಸಂತ ಪೌಲರು ಬೇಡವೆಂದದ್ದು ಮೊದಲನೆಯದನ್ನು. ಅವರೇ ಅದೇ ಪತ್ರದಲ್ಲಿ ಪ್ರೀತಿ ಸತ್ಯದಲ್ಲಿ ಸಂತೋಷಪಡುತ್ತದೆಂದೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಎಣಿಸುವ ಮೊದಲೇ ಲೆಕ್ಕ ನಡೆದಿತ್ತು. ಅದು ಊಹೆಯ ಲೆಕ್ಕ, ಕೋಪದ ಲೆಕ್ಕ. ಎಣಿಕೆ ಅದನ್ನು ಅಳಿಸಿಹಾಕಿತು. ದೂರುವುದೇ ಇಲ್ಲವೆನ್ನುವವರು ಅಳೆಯಬೇಕಾಗಿಲ್ಲ. ದೂರುವ ಬಾಯಿ ಇರುವವರು ಅಳೆಯುವ ಕಷ್ಟವನ್ನೂ ಪಡಬೇಕು.

ಆದರೂ ಆ ಪ್ರಶ್ನೆಯಲ್ಲಿ ಒಂದು ಸತ್ಯವಿದೆ. ನಿಜವಾದ ಅಳತೆಯೂ ಆಯುಧವಾಗಬಲ್ಲದು. ಅಂದು ಮಗನ ಕೈಯಲ್ಲಿ ಆ ಆಯುಧವಿತ್ತು. "ಈಗ ಹೇಳಿ, ಶೋಕಿ ಯಾರದು?" ಎಂದು ಅವನು ಕೇಳಬಹುದಿತ್ತು. ನಾನು ಅದಕ್ಕೇ ಕಾಯುತ್ತಿದ್ದೆ. ಅವನು ಕಾಗದವನ್ನು ಮಡಿಸುತ್ತಾ, "ಅಪ್ಪ, ಮೊಣಕಾಲಿಗೆ ಬಿಸಿನೀರು ಬೇಕೇ ಬೇಕಲ್ಲ. ಸಂಜೆ ಒಲೆಯ ಮೇಲೆ ಒಂದು ಪಾತ್ರೆ ಕಾಯಿಸಿ ಶಾಖ ಕೊಟ್ಟರೆ ಸಾಲದಾ ಅಂತ ಡಾಕ್ಟರನ್ನು ಕೇಳೋಣ" ಎಂದ.

ಇಲ್ಲಿ ಸಂಖ್ಯೆ ಮುಗಿಯುತ್ತದೆ, ವಿವೇಕ ಆರಂಭವಾಗುತ್ತದೆ. ನಲವತ್ತು ಯೂನಿಟ್ ಆರೂವರೆಗಿಂತ ದೊಡ್ಡದು, ನಿಜ. ಆದರೆ ಹೆಚ್ಚು ಎಳೆದದ್ದೆಲ್ಲ ತಪ್ಪಲ್ಲ, ಕಡಿಮೆ ಎಳೆದದ್ದೆಲ್ಲ ಸರಿಯೂ ಅಲ್ಲ. ಆದಿಸಭೆಯವರು ಎಲ್ಲರಿಗೂ ಸಮನಾಗಿ ಹಂಚಲಿಲ್ಲ, ಪ್ರತಿಯೊಬ್ಬರ ಅಗತ್ಯವನ್ನು ನೋಡಿ ಹಂಚಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಎಷ್ಟು ಎಂದು ಮೀಟರು ಹೇಳುತ್ತದೆ. ಏತಕ್ಕೆ ಎಂದು ಕೇಳಬೇಕಾದವರು ನಾವು. ಆದರೆ "ಎಷ್ಟು" ಸುಳ್ಳಾದರೆ "ಏತಕ್ಕೆ" ಎಂಬ ಪ್ರಶ್ನೆಯೂ ತಪ್ಪು ಮನುಷ್ಯನ ಬಳಿಗೆ ಹೋಗುತ್ತದೆ.

ಶೂನ್ಯ ಬಿಲ್ಲು

ಹಾಗಾದರೆ ಹೋಮ್ ಥಿಯೇಟರ್ ಪೂರ್ತಿ ನಿರ್ದೋಷಿಯೇ? ಕರೆಂಟಿನ ಮಟ್ಟಿಗೆ ಅದರ ಮೇಲಿನ ಆರೋಪ ಬಿದ್ದುಹೋಯಿತು. ಆದರೆ ಆರಿಸಿದ ಮೇಲೂ ಮಿಂಚುತ್ತಿದ್ದ ಆ ದೀಪವನ್ನು ಮರೆಯಬೇಡಿ. ಟಿ.ವಿ.ಯ ಮುಂದೆ ಯಾರೂ ಇಲ್ಲದ 21 ಗಂಟೆ ಅಲ್ಲಿ 15 ವಾಟ್ ಹರಿಯುತ್ತಿತ್ತು. ತಿಂಗಳಿಗೆ ಒಂಬತ್ತೂವರೆ ಯೂನಿಟ್. ನಾನು ಕೂಗಾಡಿದ ವಸ್ತುವಿನ ಇಡೀ ಖರ್ಚಿಗಿಂತ ಹೆಚ್ಚು! ಅದರಿಂದ ಯಾರಿಗೂ ಸಂತೋಷವಿಲ್ಲ, ಯಾರ ನೋವೂ ಶಮನವಾಗಲಿಲ್ಲ. ಬಿಲ್ಲು ಶೂನ್ಯವಾಗಿದ್ದ ತಿಂಗಳುಗಳಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಶೂನ್ಯ ಬಿಲ್ಲು ಎಂದರೆ ನಮಗೆ ಶೂನ್ಯ, ಅಷ್ಟೇ. ಆ ಹಣವನ್ನು ಸರ್ಕಾರ ಎಲ್ಲರ ತೆರಿಗೆಯಿಂದ ತುಂಬುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅದರ ಹೊಗೆಯನ್ನು ಉಸಿರಾಡುವವರು ನಾವಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಶರಾವತಿಯ ದಡದ ಎಷ್ಟೋ ಕುಟುಂಬಗಳು ಗದ್ದೆ, ಮನೆ ಬಿಟ್ಟು ಎದ್ದುಹೋದವು. ನಮ್ಮ ಮನೆಯ ದೀಪದಲ್ಲಿ ಅವರ ಪಾಲೂ ಇದೆ. ಪೋಪ್ ಫ್ರಾನ್ಸಿಸ್‌ರವರು 2015ರ "ಲೌದಾತೊ ಸಿ" ವಿಶ್ವಪತ್ರದಲ್ಲಿ ಬೇಡದ ದೀಪವನ್ನು ಆರಿಸುವಂಥ ಸಣ್ಣ ಕೆಲಸವನ್ನೂ ಸೃಷ್ಟಿಯ ಮೇಲಿನ ಪ್ರೀತಿಯ ಸಾಲಿಗೆ ಸೇರಿಸಿದ್ದಾರೆ. ಈಗ ನಮ್ಮ ಮನೆಯಲ್ಲಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನು ಆರಿಸುತ್ತೇವೆ. ಆ ಕೆಲಸ ಮನೆಯಲ್ಲಿ ಕೊನೆಗೆ ಮಲಗುವವನದು, ಅಂದರೆ ನನ್ನದು.

ಇನ್ನು ಮೀಟರಿಗೆ ಸಿಗದ ಖರ್ಚುಗಳೂ ಇವೆ. ಪಕ್ಕದ ಮನೆಯ ಮಗುವಿನ ನಿದ್ದೆ, ಸಂಜೆಯ ಜಪಸರ, ಮನೆಯವರು ಪರಸ್ಪರ ಮಾತಾಡುವ ಹೊತ್ತು. ಇವುಗಳ ಬಗ್ಗೆ ಮಗನೊಡನೆ ಮಾತಾಡುವ ಹಕ್ಕು ತಂದೆಗಿದೆ. ಆದರೆ ಸುಳ್ಳು ಆರೋಪದ ಮೂಲಕ ಆ ಮಾತನ್ನು ಶುರುಮಾಡಿದರೆ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ.

ಉಳಿದದ್ದು

ಪಾಪನಿವೇದನೆಗೆ ಹೋದಾಗ ಗುರುಗಳಿಗೆ ಇದನ್ನು ಹೇಳಿದೆ. ಸತ್ಯಕ್ಕೂ ನ್ಯಾಯಕ್ಕೂ ಮಾಡಿದ ಅಪಚಾರವನ್ನು ಕ್ಷಮೆ ಕೇಳಿದ ಮೇಲೂ ಸರಿಪಡಿಸಬೇಕೆಂಬುದು ಧರ್ಮಸಭೆಯ ಬೋಧನೆ. ಮಗನಿಗೆ ಕ್ಷಮಿಸೆಂದು ಮೀಟರಿನ ಮುಂದೆಯೇ ಹೇಳಿದ್ದೆ. ಆದರೆ ನಾನು ಅವನ ಹೆಸರನ್ನು ಕೆಡಿಸಿದ್ದು ನಾಲ್ಕು ಜನರ ಮುಂದೆ. ಆದ್ದರಿಂದ ತಂಗಿಗೆ ಫೋನ್ ಮಾಡಿ, "ಅವತ್ತು ನಾನು ಹೇಳಿದ್ದು ತಪ್ಪು. ಕರೆಂಟ್ ಉರಿಸಿದವನು ನಾನು. ಭಾವನಿಗೂ ಹೇಳು" ಎಂದೆ. ಅವಳು ನಕ್ಕಳು. ನಗಲಿ. ಸಾವಿರ ರೂಪಾಯಿಯ ಬಿಲ್ಲು ಕಟ್ಟುವುದಕ್ಕಿಂತ ಆ ಒಂದು ಫೋನು ನನಗೆ ಕಷ್ಟವಾಗಿತ್ತು.

ಹೋಮ್ ಥಿಯೇಟರ್ ಮತ್ತೆ ಟಿ.ವಿ.ಯ ಬಳಿ ಇದೆ. ಜಪಸರ ಮುಗಿದ ಮೇಲೆ ಮಗ ಈಗ ತಕ್ಷಣ ಎದ್ದು ಹೋಗುವುದಿಲ್ಲ.

ಪ್ರಿಯ ಓದುಗರೇ, ಮುಂದಿನ ಸಲ ಬಿಲ್ಲು ಹೆಚ್ಚಾಗಿ ಬಂದಾಗ ಯಾರ ಹೆಸರನ್ನೂ ಹಿಡಿಯುವ ಮೊದಲು ಹತ್ತು ನಿಮಿಷ ಮೀಟರಿನ ಮುಂದೆ ನಿಲ್ಲಿ. ಬೇರೆ ಯಾವ ವಿಷಯದಲ್ಲಿ ದೂರು ಹೊರಡುವಾಗಲೂ ಆ ಹತ್ತು ನಿಮಿಷವನ್ನು ನೆನೆಯಿರಿ. ನಾವು ನಮ್ಮವರನ್ನು ಅಳೆಯುವಂತೆಯೇ ದೇವರು ನಮ್ಮನ್ನು ಅಳೆದರೆ ನಮ್ಮ ಗತಿಯೇನು?

ಕುಟುಂಬದ ಚಿಂತನೆಗೆ

1. ನಮ್ಮ ಮನೆಯಲ್ಲಿ ಯಾರ ಮೇಲೆ ದೂರು ಸುಲಭವಾಗಿ ಬೀಳುತ್ತದೆ? ಅದು ಎಂದಾದರೂ ಪರೀಕ್ಷೆಗೆ ಒಳಗಾಗಿದೆಯೇ?

2. ಹಣ ಕೊಡಬೇಕಿಲ್ಲವೆಂಬ ಕಾರಣಕ್ಕೆ ನಾವು ವ್ಯರ್ಥಮಾಡುತ್ತಿರುವುದು ಏನು?

3. ತಪ್ಪಾಗಿ ದೂರಿದ್ದಕ್ಕೆ ನಾವು ಈ ವಾರ ಯಾರಲ್ಲಿ ಕ್ಷಮೆ ಕೇಳಬೇಕಾಗಿದೆ? ಯಾರ ಮುಂದೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿದೆ?